ಬಿಚ್ಚದೆ ಬಿಟ್ಟ ಹೊಲಿಗೆ

ಶುಕ್ರವಾರ, ೧೪ನೇ ತಾರೀಕು
ಎರಡನೇ ಮಹಡಿ, ಸಮುದ್ರದ ಕಡೆಯ ಕೋಣೆ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಂಡಿ ಮಾಡುವ ನಮಸ್ಕಾರ. ನಾವಿಬ್ಬರೂ ಇಲ್ಲಿ ಆರಾಮವಾಗಿದ್ದೇವೆ. ತಲುಪಿದ ದಿನವೇ ಕಾಗದ ಹಾಕುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದವಳು ಇವತ್ತಿಗೆ ಐದು ದಿನ ಮಾಡಿದೆ. ತಪ್ಪಾಯಿತು. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಎಂದು ನೀನು ಕೇಳಬಹುದು. ಇಲ್ಲಿಯ ಫೋನು ಕೆಳಗೆ ಬಾಗಿಲ ಬಳಿಯ ಕೌಂಟರಿನಲ್ಲಿದೆ. ಎರಡು ಮಾತಾಡುವಷ್ಟರಲ್ಲಿ ಹಿಂದೆ ಯಾರಾದರೂ ಬಂದು ನಿಂತು ಕೆಮ್ಮುತ್ತಾರೆ.

ಅಕ್ಷರ ಇಷ್ಟು ದಪ್ಪಗೆ, ಹಾಳೆಗೆ ಹತ್ತು ಸಾಲಿನಂತೆ ಇರುವುದನ್ನು ನೋಡಿ ನಗಬೇಡ. ಹೋಟೆಲಿನವರು ಕೊಟ್ಟ ಪೆನ್ನೇ ಹೀಗಿದೆ. ಇದರಲ್ಲಿ ಸಣ್ಣಗೆ ಬರೆದರೆ ಎಲ್ಲ ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಕವರು ಕೈಗೆ ಬಂದಾಗ ಇದು ಕಾಗದವೋ ಕಟ್ಟಿಗೆ ಹೊರೆಯೋ ಎಂದು ನೀನು ಬೈಯುವುದು ಈಗಲೇ ಕೇಳಿಸುತ್ತಿದೆ.

ಹೋಟೆಲಿನ ವಿಚಾರ ಹೇಳುತ್ತೇನೆ ಕೇಳು. ನಾನೂ ನೀನೂ ಹಳೆಯ ಫೋಟೋದಲ್ಲಿ ನೋಡಿದ ಹೋಟೆಲು ಇದೇ. ನಡುವೆ ಮೂವತ್ತು ವರ್ಷ ಕಳೆದಿದೆ, ಅಷ್ಟೆ. ಕೆಂಪು ಜಮಖಾನ ಹಾಸಿದ ಮೆಟ್ಟಿಲಿತ್ತಲ್ಲ, ಅದರ ನಡುಭಾಗ ಸವೆದು ಗೋಣಿಯ ದಾರದಂತೆ ಕಾಣುತ್ತದೆ. ಬಾಲ್ಕನಿಯ ಕಂಬಿ ಹಿಡಿದರೆ ತುಕ್ಕು ಅಂಗೈಗೆ ಬರುತ್ತದೆ. ಫ್ಯಾನು ಮೂರು ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ಊಟದ ಹಾಲಿನಲ್ಲಿ ಮೂವತ್ತು ಮೇಜುಗಳಿವೆ, ಬಟ್ಟೆ ಹಾಸಿರುವುದು ಮೂರಕ್ಕೆ. ಹಾಸಿಗೆಯ ನಡುವೆ ಎಂಥ ತಗ್ಗೆಂದರೆ, ಯಾರು ಯಾವ ಅಂಚಿನಲ್ಲಿ ಮಲಗಿದರೂ ಬೆಳಗಾಗುವಷ್ಟರಲ್ಲಿ ಇಬ್ಬರೂ ಮಧ್ಯಕ್ಕೆ ಉರುಳಿ ಬಂದಿರುತ್ತೇವೆ. "ಹೊಸ ಜೋಡಿಗೆ ಅಂತಲೇ ಮಾಡಿಸಿದ್ದಾರೆ" ಎಂದರು ಇವರು. ಅಕ್ಕನಿಗೆ ಇದನ್ನೆಲ್ಲ ಬರೆಯುತ್ತಾಳಲ್ಲ ಎನ್ನಬೇಡ. ನಲವತ್ತಾರನೇ ವಯಸ್ಸಿಗೆ ಮದುವೆಯಾದವಳಿಗೆ ನಾಚಿಕೊಳ್ಳುತ್ತ ಕೂರಲು ಪುರುಸೊತ್ತಿಲ್ಲ.

ಮೊದಲ ದಿನ ಕೌಂಟರಿನಲ್ಲಿದ್ದ ಹೆಂಗಸು ನಮ್ಮಿಬ್ಬರ ನರೆಗೂದಲು ನೋಡಿ, "ಮಕ್ಕಳು ಬರಲಿಲ್ವಾ?" ಎಂದರು. "ಮದುವೆಯಾಗಿ ಎರಡು ದಿನ ಆಯ್ತು" ಎಂದೆ. ಆಕೆ ಕೈಯಲ್ಲಿದ್ದ ಹಿಂಬದಿ ಕೋಣೆಯ ಬೀಗದ ಕೈಯನ್ನು ಥಟ್ಟನೆ ಮೊಳೆಗೆ ತೂಗುಹಾಕಿ ಸಮುದ್ರದ ಕಡೆಯ ಕೋಣೆಯದನ್ನು ತೆಗೆದುಕೊಟ್ಟರು. ಹೋಟೆಲಿನ ಮಾಲೀಕರ ಹೆಂಡತಿ ಈಕೆಯೇ.

ನೀನು ಇವರಿಗೆ 'ತಕ್ಕಡಿ' ಎಂದು ಹೆಸರಿಟ್ಟಿದ್ದು ಎಷ್ಟು ಸರಿ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಇಪ್ಪತ್ತೈದು ವರ್ಷ ಅಂಗಡಿಗಳ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡಿದ ಮನುಷ್ಯ ಸಮುದ್ರ ನೋಡಲು ಬಂದರೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಬಂದಿದ್ದಾರೆ. ಬಾಗಿಲ ಬಳಿ ನಿಂತು ತೂಕ ನೋಡುವ ಒಂದು ಹಳೆಯ ಯಂತ್ರವಿದೆ. ಅದರ ಮೇಲೆ ಹತ್ತಿ, ಮುಖ ಗಂಟಿಕ್ಕಿ ಇಳಿದರು. "ನಾಲ್ಕು ಕಿಲೋ ಕಮ್ಮಿ ತೋರಿಸ್ತಿದೆ." "ಹಾಗೇ ಇರಲಿ ಬಿಡಿ, ಬಂದವರಿಗೆ ಖುಷಿಯಾಗುತ್ತೆ" ಎಂದರು ಆಕೆ. ಇವರು ಬಿಡಬೇಕಲ್ಲ! ಮಾರನೇ ದಿನ ಬೆಳಿಗ್ಗೆ ನಾನು ಚಹಾಕ್ಕೆ ಇಳಿದಾಗ ನೆಲದ ಮೇಲೆ ಕೂತು ಅದರ ಹೊಟ್ಟೆ ಬಗೆದಿದ್ದರು. ಈಗ ಸರಿಯಾದ ತೂಕ ತೋರಿಸುತ್ತದೆ, ಯಾರೂ ಹತ್ತುವುದಿಲ್ಲ.

ಮಾಲೀಕರು ಎಂಬತ್ತರ ಹತ್ತಿರದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗೋಡೆಯ ಮೇಲೊಂದು ಕೈ ಆಡಿಸುತ್ತ ಓಡಾಡುತ್ತಾರೆ. ಕಣ್ಣು ಪೂರ್ತಿ ಹೋಗಿದೆ. ನಮಗೆ ಬೀಗದ ಕೈ ಕೊಡುವಾಗಲೇ ಆಕೆ ದನಿ ತಗ್ಗಿಸಿ ಎರಡು ಮಾತು ಹೇಳಿದರು. "ಕುರ್ಚಿ ಎಳೆದರೆ ವಾಪಸ್ ಗೆರೆ ಮೇಲೇ ಇಡಿ. ಮತ್ತೆ ನಮ್ಮ ಯಜಮಾನ್ರು ಗೋಡೆ ಬಣ್ಣ ಹೇಗಿದೆ ಅಂತ ಕೇಳ್ತಾರೆ. ಚೆನ್ನಾಗಿದೆ ಅಂದ್ಬಿಡಿ. ಬಂದೋರಿಗೆಲ್ಲ ಹೇಳಿರ್ತೀನಿ." ನೋಡಿದರೆ ಪ್ರತಿ ಕುರ್ಚಿಯ ಕಾಲಿನ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದಿದೆ, ನಾವು ಬಟ್ಟೆಯ ಮೇಲೆ ಗುಂಡಿಯ ಜಾಗ ಗುರುತು ಮಾಡುತ್ತೇವಲ್ಲ, ಹಾಗೆ. ಗೋಡೆಯ ಹಸಿರು ಮಾತ್ರ ಎಂದೋ ಉದುರಿ ಗಾರೆ ಕಾಣುತ್ತಿದೆ. ಎಷ್ಟು ಪ್ರೀತಿಯ ಹೆಂಗಸು ಎನಿಸಿತು ನನಗೆ.

ನೀನು ಹೊಲಿದುಕೊಟ್ಟ ಬಿಳಿ ಗೌನು ನಿನ್ನೆ ಹಾಕಿಕೊಂಡು ಮರಳಿನ ಮೇಲೆ ನಡೆದೆ. ಹೇಳಿ ಮಾಡಿಸಿದ ಹಾಗೆ ಕೂತಿದೆ. ಎಲ್ಲೂ ಒಂದು ನೂಲು ಆಚೀಚೆ ಇಲ್ಲ.

ನಿನ್ನೆ ಫೋನಿನಲ್ಲಿ ಬ್ಯಾಂಡ್ ಮಾಸ್ಟರರ ಹನ್ನೆರಡು ಕೋಟಿನಲ್ಲಿ ನಾಲ್ಕು ಮುಗಿಯಿತು ಎಂದೆಯಲ್ಲ, ಅಕ್ಕ, ಆ ಕಡುನೀಲಿ ಬಟ್ಟೆ ಮುಟ್ಟಬೇಡ, ನಾನು ಬಂದ ಮೇಲೆ ಇಬ್ಬರೂ ಕೂತು ಹೊಲಿಯೋಣ ಎಂದು ಹೊರಡುವಾಗ ಮೂರು ಸಲ ಹೇಳಿರಲಿಲ್ಲವೇ? "ಕೈ ಕಟ್ಕೊಂಡು ಕೂರೋಕೆ ನಾನೇನು ಬೊಂಬೆನಾ? ನೀನು ಪೋಣಿಸಿಟ್ಟ ಸೂಜಿ ಖಾಲಿಯಾಗ್ತಾ ಬಂತು, ಬೇಗ ಬಾ" ಎಂದು ನಕ್ಕೆ. ನಾನೂ ನಕ್ಕೆ. ಉಳಿದ ಎಂಟನ್ನಾದರೂ ದಯವಿಟ್ಟು ಹಾಗೇ ಬಿಡು. ಮತ್ತೆ ಕತ್ತರಿಸುವ ಮೇಜಿನ ಮೂಲೆ ತೊಡೆಗೆ ಬಡಿದು ಕಪ್ಪಾಗಿದೆ ಎಂದೆ. ಹೊರಡುವ ಗಡಿಬಿಡಿಯಲ್ಲಿ ನಾನೇ ಅದನ್ನು ಸರಿಸಿರಬೇಕು. ಮರೆತುಹೋಗಿದೆ.

ಇವರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ನಿನ್ನ ಆಶೀರ್ವಾದವಿರಲಿ.

ಇತಿ ನಿನ್ನ
ಗುಂಡಿ


ಸೋಮವಾರ, ೧೭ನೇ ತಾರೀಕು
ಮಧ್ಯಾಹ್ನ

ಅಕ್ಕ,

ಮೇಲಿನ ಕಾಗದವನ್ನು ನಾನು ಅಂಚೆಗೆ ಹಾಕಲಿಲ್ಲ. ಶುಕ್ರವಾರ ಸಂಜೆ ಕವರಿಗೆ ಅಂಟು ಹಚ್ಚಲು ಕೂತವಳು ಒಂದು ಸಲ ಓದಿ ನೋಡಿದೆ, ಕೈ ಬರಲಿಲ್ಲ. ಹರಿದು ಹಾಕೋಣವೆಂದರೆ ಅದಕ್ಕೂ ಕೈ ಬರಲಿಲ್ಲ. ಈಗ ಎರಡನ್ನೂ ಒಂದೇ ಕವರಿಗೆ ಹಾಕಿ ಕಳಿಸುತ್ತಿದ್ದೇನೆ. ಮೊದಲನೆಯದರಲ್ಲಿ ನಾನು ಎಲ್ಲೆಲ್ಲಿ ಸುಳ್ಳು ಹೊಲಿದಿದ್ದೇನೆ ಎಂದು ನಿನಗೆ ಗೊತ್ತಾಗಲಿ.

ಇದನ್ನು ಪಕ್ಕದ ಔಷಧಿ ಅಂಗಡಿಯವಳ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ ಎಂದು ಹೇಳಿ ನೀನು ಅವಳ ಹತ್ತಿರ ಬಿಲ್ಲು, ಕಾಗದ ಓದಿಸಿಕೊಳ್ಳುತ್ತೀಯ ಎಂದು ಅವಳೇ ಒಂದು ದಿನ ಹೇಳಿದಳು. ನಿನಗೆ ಹೇಳಬಾರದೆಂದೂ ಹೇಳಿದಳು. ಇದನ್ನು ನೀನೇ ಓದು. ಕಿಟಕಿಯ ಹತ್ತಿರ ಕೂತು, ಎಷ್ಟು ಹೊತ್ತಾದರೂ ಸರಿ, ನೀನೇ ಓದು.

ಶನಿವಾರ ಬೆಳಿಗ್ಗೆ ಊಟದ ಹಾಲಿನಲ್ಲಿ ನಾವಿಬ್ಬರೇ ಇದ್ದೆವು. ಮಾಲೀಕರು ಗೋಡೆ ಸವರುತ್ತ ಬಂದು ನಮ್ಮ ಮೇಜಿನ ಪಕ್ಕ ನಿಂತರು. ಅವರ ಹೆಂಡತಿ ಅಡುಗೆಯವನ ಜೊತೆ ಮೀನು ಕೊಳ್ಳಲು ದಡಕ್ಕೆ ಹೋಗಿದ್ದರು. "ಹೇಗಿದೆ ನಮ್ಮ ಹಾಲಿನ ಹಸಿರು?" ಎಂದು ಕೇಳಿದರು. ನಾನು ಚೆನ್ನಾಗಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನ ತಕ್ಕಡಿ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಏನೂ ಯೋಚಿಸದೆ ಹೇಳಿಬಿಟ್ಟರು: "ಯಾವ ಹಸಿರು ಸಾರ್?"

ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಮಾಲೀಕರು ಕೋಪ ಮಾಡಿಕೊಳ್ಳುತ್ತಾರೇನೋ, ಕುಸಿದು ಕೂರುತ್ತಾರೇನೋ ಎಂದು ಅವರ ಮುಖವನ್ನೇ ನೋಡಿದೆ. ಅವರು ನಕ್ಕುಬಿಟ್ಟರು, ಅಕ್ಕ. ಕುರ್ಚಿ ಎಳೆದು ಕೂತರು.

"ಎಂಟು ವರ್ಷ ಆಯ್ತು, ಒಬ್ಬರಾದ್ರೂ ನಿಜ ಹೇಳಿದ್ರಲ್ಲ" ಎಂದರು. "ದಿನಾ ಗೋಡೆ ಮೇಲೆ ಕೈ ಆಡಿಸಿಕೊಂಡೇ ನಡೀತೀನಿ. ಬಣ್ಣ ಉದುರಿ ಉಗುರು ಸಂದಿಗೆ ಬರುತ್ತೆ. ಗೊತ್ತಾಗಲ್ವಾ ನನಗೆ? ಚೆನ್ನಾಗಿದೆ ಅಂತ ಬಂದವರ ಬಾಯಲ್ಲಿ ಹೇಳಿಸಿದ್ರೆ ಅವಳಿಗೊಂದು ಸಮಾಧಾನ. ಅದಕ್ಕೇ ಕೇಳ್ತೀನಿ. ನೀವು ಅವಳಿಗೆ ಹೇಳಬೇಡಿ."

ಇವರು ಕೆಂಪಗಾಗಿ ಕ್ಷಮೆ ಕೇಳಿದರು. ಮಾಲೀಕರು ಕೈ ಆಡಿಸಿ ಬೇಡವೆಂದರು. ತಾವಾಗಿಯೇ ಮುಂದುವರಿಸಿದರು. ಅವರ ಮಾತನ್ನು ಆದಷ್ಟು ಹಾಗೇ ಬರೆಯುತ್ತೇನೆ.

"ಬಣ್ಣದ ಸುಳ್ಳಿಗೆ ನನಗೇನೂ ಬೇಜಾರಿಲ್ಲ. ಬೇಜಾರಿರೋದು ಮೊದಲನೇ ಸುಳ್ಳಿಗೆ. ಶುರುವಿನಲ್ಲಿ ನನಗೆ ದೀಪದ ಸುತ್ತ ಬಳೆ ಬಳೆಯಾಗಿ ಬಣ್ಣ ಕಾಣ್ತಿತ್ತು. ಬೆಳಕೂ ಮಂಕಾಗ್ತಿತ್ತು. ಇವಳನ್ನ ಕೇಳಿದೆ. ಕರೆಂಟು ಕಮ್ಮಿ ಬರ್ತಿದೆ ಅಂದಳು. ಆಗ ಹೋಟೆಲು ತುಂಬಿ ತುಳುಕ್ತಿತ್ತು, ನಾನು ಆಸ್ಪತ್ರೆ ಸೇರಿದ್ರೆ ನಡೆಸೋರು ಯಾರು ಅಂತ ಅವಳಿಗೆ ಭಯ. ಒಂದು ವರ್ಷ ಪೂರ್ತಿ ಕರೆಂಟು ಕಮ್ಮಿ ಬಂತು. ಕೊನೆಗೆ ಡಾಕ್ಟರ ಹತ್ತಿರ ಹೋದ್ರೆ, ಕಣ್ಣೊಳಗಿನ ಒತ್ತಡ, ಹೋದ ಬೆಳಕು ವಾಪಸ್ ಬರಲ್ಲ, ವರ್ಷದ ಹಿಂದೆ ಬಂದಿದ್ರೆ ಆಗ ಇದ್ದಿದ್ದನ್ನ ಉಳಿಸಬಹುದಿತ್ತು ಅಂದ್ರು."

ನನ್ನ ಕೈಯಲ್ಲಿದ್ದ ಚಹಾ ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು. ಯಾಕೆಂದು ಆಮೇಲೆ ಹೇಳುತ್ತೇನೆ. ಏನಾದರೂ ಮಾತಾಡಬೇಕೆಂದು ಕೇಳಿದೆ, "ಅವರನ್ನ ಕ್ಷಮಿಸಿದೀರಾ?"

"ಕ್ಷಮಿಸಬೇಕು ಅಂದ್ರೆ ಅವಳು ಹೇಳಬೇಕಲ್ಲಮ್ಮ" ಎಂದರು ಅವರು. "ಇವತ್ತಿಗೂ ಹೇಳಿಲ್ಲ. ನಾನೂ ಕಾಯ್ತಾ ಇದೀನಿ."

ಅಷ್ಟರಲ್ಲಿ ಹೊರಗಿನಿಂದ ಆಕೆಯ ಚಪ್ಪಲಿ ಸದ್ದು ಕೇಳಿತು. ಮಾಲೀಕರು ಎದ್ದು, ಕುರ್ಚಿಯ ಕಾಲು ನಾಲ್ಕನ್ನೂ ಸರಿಯಾಗಿ ಗೆರೆಯ ಮೇಲೆ ಇಟ್ಟು, "ಹಸಿರು ಚೆನ್ನಾಗಿದೆ ಅಂತಿದಾರೆ ಕಣೇ" ಎಂದು ಕೂಗಿ ಹೇಳಿದರು.

ಅಕ್ಕ, ಇನ್ನು ನನ್ನ ಸರದಿ.

ಕತ್ತರಿಸುವ ಮೇಜನ್ನು ನಾನು ಸರಿಸಿಲ್ಲ. ಇಪ್ಪತ್ತು ವರ್ಷದಿಂದ ಅದನ್ನು ಯಾರೂ ಸರಿಸಿಲ್ಲ. ಅದರ ಕಾಲುಗಳು ನೆಲದಲ್ಲಿ ಗುಳಿ ಮಾಡಿಕೊಂಡು ಕೂತಿವೆ, ಕೈಯಿಟ್ಟು ನೋಡು. ನಿನಗೆ ಅದು ಬಡಿದಾಗಲೆಲ್ಲ "ಅಯ್ಯೋ, ನಾನೇ ಸರಿಸಿದ್ದೆ ಅಕ್ಕ" ಎಂದು ಹೇಳುತ್ತ ಬಂದಿದ್ದೇನೆ. ಇಸ್ತ್ರಿ ಪೆಟ್ಟಿಗೆ, ಸ್ಟೂಲು, ಬಾಗಿಲ ಚಿಲಕ, ಎಲ್ಲವನ್ನೂ ನಾನೇ ಸರಿಸಿದ ಹಾಗೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹದಿನಾರು ತಿಂಗಳ ಹಿಂದೆ ಬೇಕರಿಯವರ ಮಗಳ ಕುಪ್ಪಸ ಹೊಲಿದೆಯಲ್ಲ, ನೆನಪಿದೆಯೇ? ಅದರ ಬಲತೋಳಿನ ಹೊಲಿಗೆ ಕಂಕುಳ ಹತ್ತಿರ ಬಟ್ಟೆ ಬಿಟ್ಟು ಹೊರಗೆ ಹೋಗಿತ್ತು. ನೀನು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋಗಿದ್ದೆ. ನಾನು ನೋಡಿ ನಂಬಲಿಲ್ಲ. ನನ್ನ ಬೆರಳಿಗೆ ಅಳತೆಪಟ್ಟಿಯಿಂದ ಹೊಡೆದು ನೆಟ್ಟಗೆ ಹೊಲಿಯುವುದನ್ನು ಕಲಿಸಿದ ಅಕ್ಕನ ಹೊಲಿಗೆ ಅದು. ದಣಿವಿರಬೇಕು ಎಂದುಕೊಂಡು ಬಿಚ್ಚಿದೆ. ಮತ್ತೆ ಹೊಲಿದೆ. ಕೊನೆಯಲ್ಲಿ ನೀನು ಹಿಂದಕ್ಕೆ ಮೂರು ಹೊಲಿಗೆ ಹಾಕಿ ನಿಲ್ಲಿಸುತ್ತೀಯಲ್ಲ, ನಾನು ಯಾವಾಗಲೂ ಎರಡೇ ಹಾಕುವವಳು, ಅವತ್ತು ನಿನ್ನಂತೆ ಮೂರು ಹಾಕಿದೆ. ನೀನು ಮೂರು ಗಂಟೆಗೆ ಬಂದು, ಹೊಲಿಗೆಯ ಮೇಲೆ ಬೆರಳು ಓಡಿಸಿ, ಮಡಚಿ ಇಟ್ಟೆ.

ಅವತ್ತು ಒಂದು ದಿನಕ್ಕೆ ಎಂದುಕೊಂಡದ್ದು ದಿನದ ಕೆಲಸವಾಯಿತು. ಒಂದರಿಂದ ಮೂರರ ತನಕ, ನೀನು ಊಟ ಮಾಡಿ ಸ್ವಲ್ಪ ಅಡ್ಡಾಗುವ ಹೊತ್ತಿನಲ್ಲಿ, ನಾನು ಬಾಗಿಲಿಗೆ 'ಊಟದ ಬಿಡುವು' ಎಂಬ ಹಲಗೆ ತಿರುಗಿಸಿಟ್ಟು ನೀನು ಬೆಳಿಗ್ಗೆ ಹೊಲಿದದ್ದನ್ನು ಬಿಚ್ಚಿ ಹೊಲಿಯುತ್ತಿದ್ದೆ. ಊಟದ ಡಬ್ಬಿಯನ್ನು ಖಾಲಿ ಮಾಡಿ ತೋರಿಸಬೇಕಲ್ಲ, ಹಿಂದಿನ ಓಣಿಯ ನಾಯಿಗೆ ಹಾಕುತ್ತಿದ್ದೆ. ನಾನು ಸಣ್ಣಗಾದದ್ದು ಮದುವೆಯ ಖುಷಿಗೆ ಎಂದು ನೀನು ಎಲ್ಲರ ಹತ್ತಿರ ಹೇಳಿದೆ. ಆ ನಾಯಿ ದಪ್ಪಗಾಗಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ನಿನಗೆ ಬೇಜಾರಾಗಬಾರದು ಎಂದು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂವತ್ತೆಂಟು ವರ್ಷ 'ಅಕ್ಕನ ಕೈ' ಎಂದು ಊರೆಲ್ಲ ಹೊಗಳಿದ ಕೈ ಅದು, ಗಿರಾಕಿಯೊಬ್ಬರು ಮುಖದ ಮೇಲೆ ಬಟ್ಟೆ ಎಸೆದು ಹೋದರೆ ನೀನು ತಡೆದುಕೊಳ್ಳುವುದಿಲ್ಲ ಎಂದು. ಆದರೆ ನಾನು ಮಾಡಿದ್ದು ಏನೆಂದು ನೋಡು. ಒಂದೆರಡು ಸಲ ನೀನೇ ಅನುಮಾನ ಪಟ್ಟೆ. "ಯಾಕೋ ಕಣ್ಣು ಮಂಜು ಮಂಜು ಕಣೇ" ಎಂದೆ. ಆಮೇಲೆ ಮುಗಿದ ಬಟ್ಟೆ ಎತ್ತಿಕೊಂಡು ಹೊಲಿಗೆಯ ಮೇಲೆ ಬೆರಳು ಓಡಿಸಿ, "ಅಷ್ಟೇನೂ ಕೆಟ್ಟಿಲ್ಲ ಬಿಡು, ನೋಡು ಎಷ್ಟು ನೆಟ್ಟಗಿದೆ" ಎಂದು ಸಮಾಧಾನ ಮಾಡಿಕೊಂಡೆ. ನಿನ್ನ ಕಣ್ಣು ಚೆನ್ನಾಗಿದೆ ಎನ್ನುವುದಕ್ಕೆ ನಿನಗಿದ್ದ ಸಾಕ್ಷಿ ನನ್ನ ಹೊಲಿಗೆ, ಅಕ್ಕ. ಡಾಕ್ಟರ ಬಾಗಿಲಿಗೆ ಹೋಗುವವಳನ್ನು ದಿನಾ ಮಧ್ಯಾಹ್ನ ನಾನೇ ತಿರುಗಿಸಿ ಕಳಿಸಿದೆ.

ಶನಿವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಇವರಿಗೆ ಎಲ್ಲ ಹೇಳಿದೆ. ಇವರು ಬಹಳ ಹೊತ್ತು ತುಕ್ಕು ಹಿಡಿದ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ಕೂತರು. ಆಮೇಲೆ ಕೇಳಿದರು, "ನಾಲ್ಕು ಕೋಟು ಮುಗಿಸಿದಾರೆ ಅಂದ್ಯಲ್ಲ, ಅವು ಹೇಗಿರುತ್ತೆ?" ಕಡುನೀಲಿಯ ಮೇಲೆ ಕಪ್ಪು ದಾರ, ನನಗೇ ಕಾಣುವುದಿಲ್ಲ, ಅವಳಿಗೆ ಹೇಗೆ ಕಾಣುತ್ತದೆ ಎಂದೆ. "ಹಾಗಾದ್ರೆ ಇವತ್ತೇ ಹೊರಡೋಣ" ಎಂದು ಎದ್ದು ಪೆಟ್ಟಿಗೆ ತೆಗೆದರು. ಹತ್ತು ದಿನಕ್ಕೆಂದು ಬಂದವರು ನಾವು. ಮನುಷ್ಯ ನನ್ನನ್ನು ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅವತ್ತೇ ಹೊರಡಬಹುದಿತ್ತು. ಬೇಡವೆಂದವಳು ನಾನು. ಕಾಗದ ಮೊದಲು ನಿನ್ನ ಕೈ ಸೇರಲಿ ಎಂದೆ. ಎದುರಿಗೆ ನಿಂತು ಹೇಳಿದರೆ ನೀನು ನನ್ನ ಅಳು ನೋಡಿ, "ಹೋಗಲಿ ಬಿಡು ಗುಂಡಿ" ಎಂದು ಎರಡೇ ನಿಮಿಷದಲ್ಲಿ ಮುಗಿಸಿಬಿಡುತ್ತೀಯ. ಹನ್ನೆರಡು ವರ್ಷ ದೊಡ್ಡವಳು ನೀನು. ಅಮ್ಮ ಹೋದಾಗಿನಿಂದ ಇಲ್ಲಿಯ ತನಕ ನನ್ನ ಮೇಲೆ ಪೂರ್ತಿಯಾಗಿ ಸಿಟ್ಟು ಮಾಡಿದ್ದೇ ಇಲ್ಲ. ಈ ಸಲ ನಿನಗೆ ಸಿಟ್ಟು ಮಾಡಲು ಪುರುಸೊತ್ತು ಸಿಗಲಿ. ಹೇಳುವುದಕ್ಕೆ ಎರಡು ದಿನ ತಡ ಮಾಡಿದೆ ಎಂದರೆ ಅದೂ ನಿಜವೇ. ನಿನ್ನೆಯೆಲ್ಲ ಹಾಳೆ ಎದುರಿಗಿಟ್ಟುಕೊಂಡು ಒಂದು ಸಾಲೂ ಬರೆಯದೆ ಕೂತಿದ್ದೆ.

ಇವತ್ತು ಬೆಳಿಗ್ಗೆ ಕೌಂಟರಿಗೆ ಹೋಗಿ ಬ್ಯಾಂಡ್ ಮಾಸ್ಟರಿಗೆ ಫೋನು ಮಾಡಲು ಹೊರಟೆ. ಬಟ್ಟೆಯಲ್ಲಿ ಲೋಪವಿದೆ, ಕೋಟು ತಡವಾಗುತ್ತದೆ ಎಂದು ಏನಾದರೊಂದು ಹೇಳಿಬಿಡೋಣವೆಂದು. ನಂಬರು ಅರ್ಧ ಒತ್ತಿ ಇಟ್ಟುಬಿಟ್ಟೆ. ಅದೂ ನಿನ್ನ ಬೆನ್ನ ಹಿಂದೆ ಹಾಕುವ ಹೊಲಿಗೆಯೇ ಅಲ್ಲವೇ? ಅವರು ಶನಿವಾರ ಬರುತ್ತಾರೆ. ಅವರಿಗೆ ಏನು ಹೇಳಬೇಕೆಂದು ನೀನೇ ನಿರ್ಧಾರ ಮಾಡು. ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಒಂದನ್ನು ಮಾತ್ರ ನಿನ್ನನ್ನು ಕೇಳದೆ ಮಾಡಿದೆ. ಕಣ್ಣಾಸ್ಪತ್ರೆಗೆ ಫೋನು ಮಾಡಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ಹೆಸರು ಬರೆಸಿದೆ. ಇದಕ್ಕೂ ಬಯ್ಯಿ, ಆದರೆ ಬಾ. ನಿನ್ನದು ಮಾಲೀಕರಿಗೆ ಬಂದದ್ದೇ ಎಂದು ನಾನು ಹೇಳುತ್ತಿಲ್ಲ, ನನಗೇನು ಗೊತ್ತು. ಬೇರೆ ಏನೋ ಸಣ್ಣದಿರಬಹುದು, ಹನಿ ಹಾಕಿದರೆ ಹೋಗುವಂಥದ್ದು. ಹಾಗೆಯೇ ಇರಲಿ. ಆದರೆ ಹಾಗಿಲ್ಲದಿದ್ದರೆ ಉಳಿದದ್ದನ್ನಾದರೂ ಉಳಿಸಿಕೊಳ್ಳಬೇಕು.

ಹೊರಡುವ ವಿಚಾರ ಹೇಳಿದಾಗ ಮಾಲೀಕರ ಹೆಂಡತಿ, ಕೋಣೆ ಹಿಡಿಸಲಿಲ್ವಾ, ಹಾಸಿಗೆ ಬದಲಾಯಿಸಿ ಕೊಡ್ತೀನಿ ಎಂದರು. ಅಕ್ಕನಿಗೆ ಕಣ್ಣು ಸರಿಯಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದೆ. ಆಕೆ ಬರೆಯುತ್ತಿದ್ದ ಪುಸ್ತಕ ಮುಚ್ಚಿದರು. "ಬೇಗ ಹೋಗಿ" ಎಂದರು. ಇನ್ನೇನೋ ಹೇಳಲು ಹೊರಟು ಹಿಂದೆ ತಿರುಗಿ ನೋಡಿದರು. ಹಾಲಿನ ಗೋಡೆಯ ಹತ್ತಿರ ಮಾಲೀಕರು ನಿಂತಿದ್ದರು. ಆಕೆ ಪುಸ್ತಕ ತೆರೆದು ಮತ್ತೆ ಬರೆಯತೊಡಗಿದರು. ಶುಕ್ರವಾರ ನಾನು ಪ್ರೀತಿಯ ಹೆಂಗಸು ಎಂದು ಬರೆದದ್ದನ್ನು ಹೊಡೆದು ಹಾಕುವುದಿಲ್ಲ. ಪ್ರೀತಿ ಇಲ್ಲದೆ ಯಾರೂ ಮೂವತ್ತು ಮೇಜಿನ ಕುರ್ಚಿಗಳಿಗೆಲ್ಲ ದಿನಾ ಗೆರೆ ಎಳೆಯುವುದಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಬಿಳಿ ಗೌನಿನ ವಿಚಾರವಾಗಿಯೂ ಸುಳ್ಳು ಬರೆದಿದ್ದೆ. ಅದರ ಬಲಗಡೆ ಎಡಗಡೆಗಿಂತ ಒಂದೂವರೆ ಇಂಚು ಉದ್ದ. ಸೊಂಟದ ಹತ್ತಿರ ಹೊಲಿಗೆ ಅಡ್ಡಾದಿಡ್ಡಿ ಹೋಗಿ ಬಟ್ಟೆ ಗಂಟಾಗಿದೆ. ನೀನು ಅದನ್ನು ನನಗೆ ಗೊತ್ತಾಗದಂತೆ ಮನೆಯಲ್ಲಿ ಕೈಯಲ್ಲೇ ಹೊಲಿದೆ, ಮದುವೆಯ ದಿನ ಪೊಟ್ಟಣ ಕಟ್ಟಿ ಕೊಟ್ಟೆ. ಇಲ್ಲಿಗೆ ಬಂದ ದಿನ ಪೊಟ್ಟಣ ಬಿಚ್ಚಿ ನೋಡಿ, ಅಭ್ಯಾಸಬಲದಿಂದ ಕತ್ತರಿ ಕೈಗೆ ತೆಗೆದುಕೊಂಡೆ. ಮೊದಲ ದಾರಕ್ಕೆ ಮೊನೆ ತಾಗಿಸಿದೆ. ಅಲ್ಲಿಗೇ ಇಟ್ಟೆ. ಮರಳಿನ ಮೇಲೆ ನಡೆಯುವಾಗ ಇವರು, "ಒಂದು ಕಡೆ ಇಳಿದಿದೆ" ಎಂದರು, ತಕ್ಕಡಿ ಅಲ್ಲವೇ. ಇಳಿದಿರಲಿ ಎಂದೆ. ಗುರುವಾರ ಅದನ್ನೇ ಹಾಕಿಕೊಂಡು ಬರುತ್ತೇನೆ. ಬಾಗಿಲು ತೆರೆದ ಕೂಡಲೇ ಮುಟ್ಟಿ ನೋಡು, ಹದಿನಾರು ತಿಂಗಳಲ್ಲಿ ನಾನು ಬಿಚ್ಚದೆ ಬಿಟ್ಟ ನಿನ್ನ ಹೊಲಿಗೆ ಅದೊಂದೇ.

ಬುಧವಾರ ಬೆಳಿಗ್ಗೆ ಇಲ್ಲಿಂದ ಹೊರಟು ಗುರುವಾರ ಮಧ್ಯಾಹ್ನ ಒಂದರ ಹೊತ್ತಿಗೆ ಅಂಗಡಿ ತಲುಪುತ್ತೇವೆ. ಇದನ್ನು ಇವತ್ತಿನ ತುರ್ತು ಅಂಚೆಗೆ ಹಾಕುತ್ತೇನೆ, ಬುಧವಾರ ನಿನ್ನ ಕೈಗೆ ಸಿಗುತ್ತದೆ ಎಂದಿದ್ದಾರೆ. ನನ್ನನ್ನು ಹರಸು ಎಂದು ಕೇಳುವ ಮುಖ ನನಗಿಲ್ಲ. ಇವರನ್ನು ಹರಸು, ಇವರ ತಪ್ಪೇನೂ ಇಲ್ಲ. ದೇವರು ನಿನ್ನ ಕಣ್ಣನ್ನು ಕಾಪಾಡಲಿ ಎಂದು, ಚಿಕ್ಕವಳಾದರೂ, ನಾನೇ ನಿನ್ನನ್ನು ಹರಸುತ್ತೇನೆ.

ಇತಿ ನಿನ್ನ
ಗುಂಡಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಇದನ್ನು ಇವರಿಗೂ ಹೇಳಿಲ್ಲ.

ಈ ದಪ್ಪ ಪೆನ್ನು ಹೋಟೆಲಿನವರು ಕೊಟ್ಟದ್ದಲ್ಲ. ಬಂದ ಮಾರನೇ ದಿನವೇ ದಡದ ಹತ್ತಿರದ ಪುಸ್ತಕದಂಗಡಿಯಲ್ಲಿ, ಇರುವುದರಲ್ಲೇ ದಪ್ಪ ಅಕ್ಷರ ಬೀಳುವುದನ್ನು ಕೊಡಿ ಎಂದು ಕೇಳಿ ಕೊಂಡೆ. ಅಂದರೆ ನಿನಗೆ ಎಷ್ಟು ಕಾಣುತ್ತದೆ, ಎಷ್ಟು ಕಾಣುವುದಿಲ್ಲ ಎಂದು ನನಗೆ ಮೊದಲಿನಿಂದಲೂ ಚೆನ್ನಾಗಿ ಗೊತ್ತಿತ್ತು.

ಹನ್ನೊಂದು ತಿಂಗಳ ಹಿಂದೆ ಒಂದು ಸಂಜೆ, ಅಂಗಡಿ ಮುಚ್ಚುವ ಮೊದಲು, ನೀನು ಮೇಜಿನ ಮೇಲಿನ ಬಲ್ಬು ನೋಡುತ್ತ ಹೇಳಿದೆ: "ಗುಂಡಿ, ದೀಪದ ಸುತ್ತ ಬಣ್ಣದ ಬಳೆ ಕಾಣ್ತಿದೆ ಕಣೇ. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ್ವಾ? ಒಬ್ಬಳೇ ಹೋಗೋಕೆ ಯಾಕೋ ಹೆದರಿಕೆ." ನಿನ್ನ ಬಾಯಲ್ಲಿ ಹೆದರಿಕೆ ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ. ಮಾರನೇ ದಿನ ನಾಲ್ಕು ಗಂಟೆಗೆ ಇವರು ನಿನ್ನ ಹತ್ತಿರ ನಮ್ಮ ಮದುವೆಯ ಮಾತಾಡಲು ಬರುವವರಿದ್ದರು. ಅದು ನನಗೆ ಗೊತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಡಾಕ್ಟರು ಏನಾದರೂ ಹೇಳಿಬಿಟ್ಟರೆ ನಾಲ್ಕು ಗಂಟೆಗೆ ನಾನು ಏನು ಹೇಳಲಿ? ಕಣ್ಣು ಹೋಗುತ್ತಿರುವ ಅಕ್ಕನನ್ನು ಬಿಟ್ಟು ಮದುವೆಯಾಗುತ್ತೇನೆ ಎನ್ನಲು ಬಾಯಿ ಬರುತ್ತಿರಲಿಲ್ಲ. ಅದಕ್ಕೆ, "ಬಲ್ಬಿಗೆ ಧೂಳು ಹಿಡಿದಿದೆ ಅಕ್ಕ, ಅಷ್ಟೆ" ಎಂದೆ. ಸ್ಟೂಲು ಹತ್ತಿ, ಬಿಳಿ ಬಟ್ಟೆಯ ತುಂಡಿನಿಂದ ಒರೆಸಿದೆ. "ಈಗ ಸರಿ ಹೋಯ್ತಾ?" ಎಂದು ಕೇಳಿದೆ. ನೀನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಹೂಂ, ಸರಿ ಹೋಯ್ತು" ಎಂದೆ. ಆಮೇಲೆ ಡಾಕ್ಟರ ಮಾತು ಎತ್ತಲೇ ಇಲ್ಲ.

ಆ ಬಲ್ಬು ಹಿಂದಿನ ದಿನವಷ್ಟೇ ತಂದು ಹಾಕಿದ್ದು. ನಿನಗೆ ಬೆಳಕು ಸಾಲುತ್ತಿಲ್ಲವೆಂದು ನಾನೇ ದೊಡ್ಡದು ತಂದಿದ್ದೆ. ಸ್ಟೂಲಿನಿಂದ ಇಳಿದು ಒರೆಸಿದ ಬಟ್ಟೆ ನೋಡಿದೆ. ಅದು ಬೆಳ್ಳಗೇ ಇತ್ತು, ಅಕ್ಕ.